ಯಾವ ಕಾಲಕ್ಕೆ ಏನು ಹಾಕೋಣ? ಕೈತೋಟ ಮಾಡೋರ ಜೊತೆ ಒಂದು ಮಾತು

(ಕೈತೋಟ ಮಾಡೋರ ಸಭೇಲಿ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿ ಹಾಗೇ ಬಿಟ್ಟಿದೀನಿ, ಕೊನೇಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನ ಸೇರಿಸಿದೀನಿ.)

ಎಲ್ರಿಗೂ ನಮಸ್ಕಾರ. ಕೈತೋಟ ಮಾಡೋರು ನಾಲ್ಕು ಜನ ಒಂದ್ಕಡೆ ಸೇರಿದ್ರೆ ಮೊದಲು ಬರೋ ಮಾತೇ "ಈಗ ಏನ್ ಹಾಕಿದೀರಿ?" ಅಂತ. ಒಬ್ರು ಟೊಮ್ಯಾಟೊ ಸಸಿ ಎದ್ದಿದೆ ಅಂತಾರೆ, ಇನ್ನೊಬ್ರು ಈ ಸಲ ಹೂಕೋಸು ಟ್ರೈ ಮಾಡ್ತಿದೀನಿ ಅಂತಾರೆ, ಮತ್ತೊಬ್ರು ಪಾಲಕ್ ಬೀಜ ಹಾಕಿ ಹದಿನೈದು ದಿನ ಆಯ್ತು ಒಂದೂ ಮೇಲೆ ಬಂದಿಲ್ಲ ಅಂತ ಬೇಜಾರ್ ಮಾಡ್ಕೋತಾರೆ. ಆಮೇಲೆ ಬೀಜ ಸರಿ ಇಲ್ಲ, ಮಣ್ಣು ಸರಿ ಇಲ್ಲ, ನನ್ನ ಕೈಗುಣಾನೇ ಸರಿ ಇಲ್ಲ ಅಂತ ಮಾತು ಆ ಕಡೆ ಹೋಗುತ್ತೆ. ನಾನು ಇವತ್ತು ಹೇಳಕ್ಕೆ ಬಂದಿರೋದು ಒಂದೇ ವಿಷಯ. ಬಹಳಷ್ಟು ಸಲ ಬೀಜದ್ದೂ ತಪ್ಪಿರಲ್ಲ, ಕೈದೂ ತಪ್ಪಿರಲ್ಲ, ಬಿತ್ತಿದ ಹೊತ್ತು ಆ ಗಿಡಕ್ಕೆ ಹೊಂದಿರಲ್ಲ ಅಷ್ಟೆ. ಆ ಹೊತ್ತನ್ನ ನಾವು ತಿಂಗಳ ಹೆಸರಲ್ಲಿ ಲೆಕ್ಕ ಹಾಕ್ತೀವಿ, ಗಿಡಕ್ಕೆ ತಿಂಗಳು ಗೊತ್ತಾಗಲ್ಲ, ಅದಕ್ಕೆ ಗೊತ್ತಾಗೋದು ಮಣ್ಣು ಎಷ್ಟು ಬಿಸಿ ಇದೆ, ರಾತ್ರಿ ಎಷ್ಟು ತಣ್ಣಗಿದೆ, ರಾತ್ರಿ ಎಷ್ಟು ಉದ್ದ ಇದೆ ಅನ್ನೋದು.

ಪ್ಯಾಕೆಟ್ ಹಿಂದೆ ಬಿತ್ತನೆ ತಿಂಗಳು ಬರ್ದಿರುತ್ತಲ್ಲ ಅಂತ ಕೇಳ್ಬೋದು. ಬರ್ದಿರುತ್ತೆ, ಆದ್ರೆ ಸಮುದ್ರದ ಪಕ್ಕದಲ್ಲಿರೋರಿಗೂ ಬೆಟ್ಟದ ಮೇಲಿರೋರಿಗೂ ಒಂದೇ ತಿಂಗಳು ಹೇಗೆ ಸರಿಹೋಗುತ್ತೆ? ಭೂಮಿಯ ಈ ಅರ್ಧದಲ್ಲಿ ಚಳಿ ಇದ್ದಾಗ ಆ ಅರ್ಧದಲ್ಲಿ ಬೇಸಿಗೆ ಇರುತ್ತೆ. ಅಷ್ಟು ದೂರ ಯಾಕೆ, ಒಂದೇ ಮನೇಲಿ ಮಧ್ಯಾಹ್ನದ ಬಿಸಿಲಿಗೆ ಕಾದಿರೋ ಗೋಡೆ ಪಕ್ಕದ ಕಪ್ಪು ಪಾಟಿಗೂ ಮರದ ನೆರಳಲ್ಲಿರೋ ಪಾತಿಗೂ ಕಾಲವೇ ಬೇರೆ. ಹಾಗಾಗಿ ನಾನು ಎಲ್ರಿಗೂ ಹೇಳೋದು, ಬೇರೆ ಏನ್ ತಗೊಳ್ದಿದ್ರೂ ಮಣ್ಣಿಗೆ ಚುಚ್ಚೋ ಒಂದು ಥರ್ಮಾಮೀಟರ್ ತಗೊಳ್ಳಿ ಅಂತ. ಬೆಳಿಗ್ಗೆ ಹೊತ್ತು, 5 ಸೆಂಟಿಮೀಟರ್ ಆಳಕ್ಕೆ ಚುಚ್ಚಿ ನೋಡಿ, ಒಂದಿನ ನೋಡಿ ಬಿಡೋದಲ್ಲ, ನಾಲ್ಕೈದು ದಿನ ಬಿಡದೆ ನೋಡಿ ಆಮೇಲೆ ಬಿತ್ತೋ ಯೋಚನೆ ಮಾಡಿ.

ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ ಅಂಕಿ ನೋಡಿದ್ರೆ ನಿಮಗೇ ಗೊತ್ತಾಗುತ್ತೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಲ್ಲಿದ್ದ ಜೇಮ್ಸ್ ಹ್ಯಾರಿಂಗ್ಟನ್ ಅನ್ನೋ ವಿಜ್ಞಾನಿ ಒಂದೊಂದು ತರಕಾರಿ ಬೀಜವೂ ಯಾವ ಬಿಸಿಗೆ ಎಷ್ಟು ದಿನಕ್ಕೆ ಮೇಲೆ ಬರುತ್ತೆ ಅಂತ ಅಳೆದು ಒಂದು ಟೇಬಲ್ ಮಾಡಿಟ್ಟಿದಾರೆ, ಇವತ್ತಿಗೂ ಪ್ರಪಂಚದಾದ್ಯಂತ ತೋಟಗಾರರು ಅದನ್ನೇ ನೋಡ್ತಾರೆ. ಟೊಮ್ಯಾಟೊ ಬೀಜ 25 ಡಿಗ್ರಿ ಸೆಲ್ಸಿಯಸ್ ಮಣ್ಣಲ್ಲಿ ಸುಮಾರು 6 ದಿನಕ್ಕೆ ಬರುತ್ತೆ, 15 ಡಿಗ್ರೀಲಿ 14 ದಿನ, 10 ಡಿಗ್ರೀಲಿ 43 ದಿನ. ಅದೇ ಬೀಜ, ಅದೇ ಪ್ಯಾಕೆಟ್! ನಲವತ್ಮೂರು ದಿನ ತಣ್ಣನೆ ಒದ್ದೆ ಮಣ್ಣಲ್ಲಿ ಬೀಜ ಕೂತಿದ್ರೆ ಅಷ್ಟರಲ್ಲಿ ಕೊಳೆಸೋ ಶಿಲೀಂಧ್ರಗಳು ಸುಮ್ನೆ ಬಿಡ್ತಾವಾ? ಬೀನ್ಸ್ 10 ಡಿಗ್ರೀಲಿ ಮೊಳಕೇನೇ ಒಡೆಯಲ್ಲ. ಈರುಳ್ಳಿ ಮಾತ್ರ ಬಲೇ ಹಠದ್ದು, ಸೊನ್ನೆ ಡಿಗ್ರೀಲೂ 136 ದಿನ ತಗೊಂಡಾದ್ರೂ ಮೇಲೆ ಬರುತ್ತೆ. ಆ ಕಡೆ ಲೆಟ್ಯೂಸ್, ಪಾಲಕ್ ನೋಡಿ, 35 ಡಿಗ್ರಿ ಮಣ್ಣಲ್ಲಿ ಮೊಳಕೆ ಒಡೆಯೋದೇ ಇಲ್ಲ. ಪಾಲಕ್ ಬರ್ಲಿಲ್ಲ ಅಂತ ಬೇಜಾರ್ ಮಾಡ್ಕೊಂಡೋರ ಪಾತಿ ಮಣ್ಣು ಮುಟ್ಟಿ ನೋಡಿದ್ರೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಲೆಟ್ಯೂಸ್ ವಿಷಯದಲ್ಲಿ ಒಂದು ಉಪಾಯ ಇದೆ. ಅದರ ಬೀಜ ನೀರು ಕುಡಿದ ಮೇಲಿನ ಮೊದಲ ಕೆಲವು ಗಂಟೆ ಬಹಳ ಸೂಕ್ಷ್ಮ, ಆ ಹೊತ್ತಲ್ಲಿ ಬಿಸಿ ತಾಗಿದ್ರೆ ಹಾಗೇ ನಿದ್ದೆಗೆ ಜಾರಿಬಿಡುತ್ತೆ. ಬೆಳಿಗ್ಗೆ ಬಿತ್ತಿ ನೀರು ಹಾಕಿದ್ರೆ ಸರಿಯಾಗಿ ಮಧ್ಯಾಹ್ನದ ಕಾವಿಗೆ ಸಿಕ್ಕಿಹಾಕ್ಕೊಳ್ಳುತ್ತೆ. ಸಂಜೆ ಬಿತ್ತಿ ತಣ್ಣೀರು ಚಿಮುಕಿಸಿ ಮೇಲೊಂದು ನೆರಳು ಕೊಟ್ರೆ ಆ ಗಂಟೆಗಳು ರಾತ್ರಿ ತಂಪಲ್ಲಿ ಕಳೀತಾವೆ. ಬೀಜ ಬದಲಾಯಿಸ್ಬೇಕಾಗಿಲ್ಲ, ಹೊತ್ತು ಬದಲಾಯಿಸಿದ್ರೆ ಸಾಕು.

ಮೊಳಕೆ ಆದ್ಮೇಲೂ ಬಿಸಿಯದ್ದೇ ಲೆಕ್ಕ. ಫ್ರಾನ್ಸಿನ ರೆಯೊಮ್ಯೂರ್ ಅನ್ನೋ ವಿಜ್ಞಾನಿ 1735ರಲ್ಲೇ ಇದನ್ನ ಗಮನಿಸಿ, ಬೆಳೆ ಮಾಗೋಕೆ ಇಷ್ಟು ದಿನ ಅನ್ನೋದಕ್ಕಿಂತ ಅಷ್ಟು ದಿನದಲ್ಲಿ ಒಟ್ಟು ಎಷ್ಟು ಬಿಸಿ ಸಿಕ್ತು ಅನ್ನೋದು ಮುಖ್ಯ ಅಂತ ಲೆಕ್ಕ ಹಾಕಿದ್ರು. ಪ್ಯಾಕೆಟ್ ಮೇಲೆ 60 ದಿನ ಅಂತ ಇರೋದು ತಂಪು ಕಾಲದಲ್ಲಿ 80 ಆಗೋದು ಇದಕ್ಕೇ, ಗಾಬರಿ ಬಿದ್ದು ಗೊಬ್ಬರ ಸುರಿಯೋ ಅಗತ್ಯ ಇಲ್ಲ.

ಈಗ ರಾತ್ರಿ ತಂಪಿನ ವಿಷಯಕ್ಕೆ ಬರ್ತೀನಿ. ಬೇಸಿಗೇಲಿ ಟೊಮ್ಯಾಟೊ ಗಿಡ ದಷ್ಟಪುಷ್ಟವಾಗಿ ಬೆಳೆದು ಮೈತುಂಬ ಹೂ ಬಿಟ್ಟು, ಆಮೇಲೆ ಆ ಹೂವೆಲ್ಲ ತೊಟ್ಟಿನ ಸಮೇತ ಉದುರಿಹೋಗೋದನ್ನ ನೀವೆಲ್ಲ ನೋಡಿರ್ತೀರಿ. ಹಗಲು 32-35 ಡಿಗ್ರಿ ದಾಟಿ ರಾತ್ರೀನೂ ತಣ್ಣಗಾಗ್ದೆ ಇದ್ರೆ ಹೂವಿನ ಪರಾಗ ಸರಿಯಾಗಿ ಕೆಲಸ ಮಾಡಲ್ಲ, ಕಾಯಿ ಕಟ್ಟಲ್ಲ. ಫ್ರಿಟ್ಸ್ ವೆಂಟ್ ಅನ್ನೋ ವಿಜ್ಞಾನಿ 1944ರಲ್ಲಿ ಟೊಮ್ಯಾಟೊ ಇಟ್ಕೊಂಡೇ ತೋರಿಸಿದ್ದು ಇದನ್ನ, ಹಗಲಿಗಿಂತ ರಾತ್ರಿ ತಂಪಾಗಿದ್ರೆ ಗಿಡಾನೂ ಚೆನ್ನಾಗಿ ಬೆಳೆಯುತ್ತೆ ಕಾಯೀನೂ ಕಟ್ಟುತ್ತೆ ಅಂತ. ಇದಕ್ಕೆ ಔಷಧಿ ಅಂಗಡೀಲಿ ಮದ್ದಿಲ್ಲ. ಒಂದೋ ಕಡು ಬೇಸಿಗೆ ಬರೋ ಮುಂಚೆ ಕಾಯಿ ಕಟ್ಟೋ ಹಾಗೆ ಲೆಕ್ಕ ಹಾಕಿ ಮೊದಲೇ ಸಸಿ ಮಾಡ್ಬೇಕು, ಇಲ್ಲಾ ಗಿಡಕ್ಕೆ ನೆರಳು ಬಲೆ ಕಟ್ಟಿ ನೀರು ತಪ್ಪಿಸ್ದೆ ಬದುಕಿಸ್ಕೊಂಡು ತಂಪು ಬಂದ್ಮೇಲೆ ಎರಡನೇ ಸುತ್ತು ಹೂವಿಗೆ ಕಾಯ್ಬೇಕು. ಚೆರ್ರಿ ಟೊಮ್ಯಾಟೊ ದಪ್ಪ ಹಣ್ಣಿನ ಜಾತಿಗಿಂತ ಬಿಸೀನ ಸ್ವಲ್ಪ ಜಾಸ್ತಿ ತಡ್ಕೊಳ್ಳುತ್ತೆ, ಅದಕ್ಕೇ ಪಾಟಲ್ಲಿ ಬೆಳೆಯೋರು ಅದನ್ನ ಇಷ್ಟಪಡೋದು. ಆಲೂಗಡ್ಡೇನೂ ಹೀಗೇ, ರಾತ್ರಿ 20 ಡಿಗ್ರಿ ಮೇಲೆ ಹೋದಷ್ಟೂ ಮೇಲೆ ಸೊಪ್ಪು ಸೊಂಪಾಗಿರುತ್ತೆ, ಕೆಳಗೆ ಗೆಡ್ಡೆ ಕಡಿಮೆ ಆಗ್ತಾ ಹೋಗುತ್ತೆ.

ಹೂಕೋಸಲ್ಲಿ ವೆರೈಟಿ ನೋಡ್ದೆ ಬೀಜ ತಗೊಂಡ್ರೆ ಖಂಡಿತ ಸೋಲ್ತೀವಿ. 20ರಿಂದ 27 ಡಿಗ್ರಿ ಬಿಸೀಲೇ ಗಡ್ಡೆ ಕಟ್ಟೋ ಬೇಗದ ಜಾತಿಗಳಿವೆ, 10ರಿಂದ 16 ಡಿಗ್ರಿ ಚಳಿ ಬೇಕೇ ಬೇಕು ಅನ್ನೋ ತಡದ ಜಾತಿಗಳೂ ಇವೆ. ಬೇಗದ ಜಾತೀನ ಚಳೀಲಿ ಹಾಕಿದ್ರೆ ಗಿಡ ಇನ್ನೂ ಪುಟ್ಟದಿರುವಾಗ್ಲೇ ಅಂಗಿ ಗುಂಡಿ ಗಾತ್ರದ ಹೂ ಕಟ್ಟಿ ಅಲ್ಲಿಗೇ ನಿಂತುಬಿಡುತ್ತೆ, ತಡದ ಜಾತೀನ ಸೆಖೇಲಿ ಹಾಕಿದ್ರೆ ಬರೀ ಎಲೆ. ಸುಮ್ನೆ "ಹೂಕೋಸು ಬೀಜ" ಅಂತ ಬರ್ದಿರೋ ಪ್ಯಾಕೆಟ್ ತಗೊಳ್ಬೇಡಿ, ಯಾವ ಹೊತ್ತಿನ ಜಾತಿ ಅಂತ ಕೇಳಿ ತಗೊಳ್ಳಿ.

ಮೂರನೇದು ರಾತ್ರಿಯ ಉದ್ದ, ನನಗೆ ಬಹಳ ಇಷ್ಟವಾದ ವಿಷಯ ಇದು, ಸ್ವಲ್ಪ ಹೆಚ್ಚು ಹೊತ್ತು ಮಾತಾಡಿದ್ರೆ ಸಹಿಸ್ಕೊಳ್ಳಿ. ಅಮೆರಿಕದ ಕೃಷಿ ಇಲಾಖೇಲಿ ಗಾರ್ನರ್ ಮತ್ತೆ ಅಲ್ಲಾರ್ಡ್ ಅಂತ ಇಬ್ರು ಇದ್ರು. ಅವರ ಹತ್ರ ಮೇರಿಲ್ಯಾಂಡ್ ಮ್ಯಾಮತ್ ಅನ್ನೋ ಹೊಗೆಸೊಪ್ಪಿನ ಗಿಡ ಇತ್ತು, ಬೇಸಿಗೆ ಪೂರ್ತಿ ಆಳೆತ್ತರ ದಾಟಿ ಬೆಳೀತಿತ್ತೇ ಹೊರತು ಹೂ ಬಿಡ್ತಿರ್ಲಿಲ್ಲ, ಅದೇ ಗಿಡ ಚಳಿಗಾಲದಲ್ಲಿ ಗಾಜಿನ ಮನೆ ಒಳಗೆ ಹೂ ಬಿಡ್ತಿತ್ತು. ಇನ್ನೊಂದು ಬೈಲಾಕ್ಸಿ ಅನ್ನೋ ಸೋಯಾ ಅವರೆ, ಅದನ್ನ ವಾರಗಟ್ಟಲೆ ಹಿಂದೆ ಮುಂದೆ ಬಿತ್ತಿದ್ರೂ ಎಲ್ಲ ಗಿಡಾನೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಹೂವಿಗೆ ಬರ್ತಿದ್ವು. ಬಿಸಿ ಇರ್ಬೋದಾ, ಗೊಬ್ಬರ ಇರ್ಬೋದಾ, ನೀರಿರ್ಬೋದಾ ಅಂತ ಎಲ್ಲಾ ನೋಡಿ, ಕೊನೆಗೆ ಬೆಳಕೇ ನುಗ್ಗದ ಕತ್ತಲೆ ಗೂಡಲ್ಲಿ ಗಿಡಗಳನ್ನ ಹೊತ್ತಿಗೆ ಮುಂಚೆ ಒಳಗಿಟ್ಟು ಹಗಲನ್ನ ಚಿಕ್ಕದು ಮಾಡಿದ್ರು. ಹೂ ಬಂತು. ಅವರ ವರದಿ 1920ರಲ್ಲಿ ಪ್ರಕಟ ಆಯ್ತು. ಗಿಡ ಲೆಕ್ಕ ಇಡೋದು ಹಗಲಿಗಿಂತ ಬಿಡದೆ ಇರೋ ಕತ್ತಲೇನ ಅನ್ನೋದನ್ನ 1938ರಲ್ಲಿ ಹ್ಯಾಮ್ನರ್ ಮತ್ತೆ ಬಾನರ್ ತೋರಿಸಿದ್ರು, ಉದ್ದದ ರಾತ್ರಿ ನಡುವೆ ಒಂಚೂರು ಹೊತ್ತು ಬೆಳಕು ಹಾಕಿದ್ರೂ ಆ ರಾತ್ರಿ ಕೆಡ್ತಿತ್ತು.

ಇದನ್ನ ಮನೇಲೇ ನೋಡ್ಬೋದು. ಸೇವಂತಿಗೆ ಉದ್ದ ರಾತ್ರಿ ಬಂದಾಗ ಮೊಗ್ಗು ಕಟ್ಟೋ ಗಿಡ. ರಾತ್ರಿಯಿಡೀ ಉರಿಯೋ ಲೈಟಿನ ಕೆಳಗೆ ಸೇವಂತಿಗೆ ಪಾಟ್ ಇಟ್ಟಿದ್ರೆ, ದೀಪದ ಕಡೆಗಿರೋ ಕೊಂಬೆಗಳು ಎಲೆ ಬಿಡ್ತಾನೇ ಇರ್ತಾವೆ, ಕತ್ತಲಿರೋ ಕಡೆಯ ಕೊಂಬೇಲಿ ಆಗ್ಲೇ ಸಾಸಿವೆ ಕಾಳಿನಷ್ಟು ಮೊಗ್ಗು ಕಾಣ್ತಿರುತ್ತೆ. ಗಿಡದ ತುಂಬ ಎಲೆ, ಹೂವೇ ಇಲ್ಲ ಅನ್ನೋರು ಮೊದಲು ಕತ್ತೆತ್ತಿ ಮೇಲೆ ದೀಪ ಇದೆಯಾ ನೋಡಿ. ಅವರೆ ಬಳ್ಳೀದೂ ಇದೇ ಗುಣ, ಹಳೇ ಜಾತಿ ಚಪ್ಪರದವರೆ ಹಗಲು ಚಿಕ್ಕದಾಗೋ ತನಕ ಬಳ್ಳಿ ಹಬ್ಬಿಸ್ತಾನೇ ಇರುತ್ತೆ, ಮೊದಲು ಹಾಕಿದ್ದಕ್ಕೆ ಮೊದಲು ಕಾಯಿ ಅನ್ನೋ ಲೆಕ್ಕ ಅದರ ಹತ್ರ ನಡೆಯಲ್ಲ.

ಈರುಳ್ಳಿ ಇದರ ಉಲ್ಟಾ, ಅದಕ್ಕೆ ಹಗಲು ಉದ್ದ ಆಗ್ಬೇಕು, ಆಗ್ಲೇ ಗೆಡ್ಡೆ ಕಟ್ಟೋದು. ಆದ್ರೆ ಎಷ್ಟು ಉದ್ದ ಅನ್ನೋದು ವೆರೈಟಿ ಮೇಲೆ ಹೋಗುತ್ತೆ, ಚಿಕ್ಕ ಹಗಲಿನ ಜಾತಿಗೆ 10-12 ಗಂಟೆ ಸಾಕು, ಉದ್ದ ಹಗಲಿನ ಜಾತಿಗೆ 14-16 ಗಂಟೆ ಬೇಕು. ಸಮಭಾಜಕ ವೃತ್ತದ ಮೇಲೆ ವರ್ಷವಿಡೀ ಹಗಲು ಹೆಚ್ಚುಕಮ್ಮಿ 12 ಗಂಟೆ, 50 ಡಿಗ್ರಿ ಅಕ್ಷಾಂಶಕ್ಕೆ ಹೋದ್ರೆ ಚಳಿಗಾಲದಲ್ಲಿ 8, ಬೇಸಿಗೇಲಿ 16 ಗಂಟೆ. ಉದ್ದ ಹಗಲಿನ ಈರುಳ್ಳಿ ಬೀಜ ತಂದು ಸಮಭಾಜಕದ ಹತ್ರ ಹಾಕಿದ್ರೆ ವರ್ಷವಿಡೀ ಈರುಳ್ಳಿ ಸೊಪ್ಪು ಕೊಯ್ಬೋದು, ಗೆಡ್ಡೆ ಆಸೆ ಬಿಡ್ಬೇಕು. ಚಿಕ್ಕ ಹಗಲಿನ ಜಾತೀನ ಉತ್ತರದ ಕಡೆ ಬೇಸಿಗೇಲಿ ಹಾಕಿದ್ರೆ ಗಿಡ ಬಲಿಯೋ ಮೊದಲೇ ಗೋಲಿ ಗಾತ್ರದ ಗೆಡ್ಡೆ ಕಟ್ಟಿ ಮುಗಿಸ್ಬಿಡುತ್ತೆ. ಈರುಳ್ಳಿ ಬೀಜ ಕೊಳ್ಳೋವಾಗ ಬಣ್ಣ ಕೇಳೋಕ್ ಮುಂಚೆ ಇದನ್ನ ಕೇಳಿ ಅಂತ ಕೈಮುಗಿದು ಹೇಳ್ತೀನಿ.

ಇನ್ನು ಕೊತ್ತಂಬರಿ, ಪಾಲಕ್, ಮೂಲಂಗಿ ಇವೆಲ್ಲ ಎಲೆ ಕೊಡೋ ಮೊದಲೇ ನಡುವಿಂದ ಕಡ್ಡಿ ಎದ್ದು ಹೂವಿಗೆ ಹೋಗೋದು. ಹಗಲು ಉದ್ದ ಆಗೋದು, ಸೆಖೆ ಏರೋದು ಎರಡೂ ಅದನ್ನ ದೂಡ್ತಾವೆ, ಕಡ್ಡಿ ಎದ್ಮೇಲೆ ಚಿವುಟಿ ಚಿವುಟಿ ತಡೆಯೋಕಾಗಲ್ಲ. ಎಲೆಕೋಸಿಂದು ಬೇರೆ ಕಥೆ, ಅದು ಚಳಿ ತಿಂದ್ಮೇಲೆ ಹೂವಿಗೆ ಹೋಗುತ್ತೆ, ಅದೂ ಸಸಿಯ ಕಾಂಡ ಪೆನ್ಸಿಲ್ ದಪ್ಪ ದಾಟಿದ್ರೆ ಮಾತ್ರ. ಸಸಿ ಸಣ್ಣದಿದ್ರೆ ಅದೇ ಚಳಿಗೆ ಏನೂ ಆಗಲ್ಲ. ಹಾಗಾಗಿ ಚಳಿ ಜೋರಿರೋ ಕಡೆ ನರ್ಸರೀಲಿ ದಪ್ಪ ದಪ್ಪ ಸಸಿ ಆರಿಸಿ ತರೋದು ಯಾವಾಗ್ಲೂ ಲಾಭ ಅಲ್ಲ.

ಇಷ್ಟು ಗೊತ್ತಿದ್ರೆ ಯಾವ ಕಾಲಕ್ಕೆ ಏನು ಅನ್ನೋದು ತಾನಾಗೇ ಹೊಳೀತಾ ಹೋಗುತ್ತೆ. ಬಿಸಿ ಏರ್ತಾ ಇದ್ಯಾ, ಹರಿವೆ, ಬಸಳೆ, ಬೆಂಡೆ, ಅಲಸಂದೆ, ಗೆಣಸು ಮತ್ತೆ ಬಳ್ಳಿ ತರಕಾರಿಗಳು. ಹರಿವೆಯಂಥ ಬೇಸಿಗೆ ಸೊಪ್ಪು ಇನ್ನೊಂದಿಲ್ಲ ಅಂತೀನಿ ನಾನು, ಬೇರೆ ಸೊಪ್ಪೆಲ್ಲ ಬಾಡ್ತಿರೋ ಬಿಸಿಲಲ್ಲಿ ಅದು ಮೂರ್ನಾಲ್ಕು ವಾರಕ್ಕೆ ಕೊಯ್ಲಿಗೆ ಬರುತ್ತೆ. ಬಳ್ಳಿಗಳಲ್ಲಿ ಎಲ್ರದ್ದೂ ಒಂದೇ ದೂರು, ಹೂ ಬಿಡುತ್ತೆ ಕಾಯಿ ನಿಲ್ಲಲ್ಲ ಅಂತ. ಹೂವನ್ನ ಹತ್ರ ಹೋಗಿ ನೋಡಿ. ಹೂವಿನ ಹಿಂದೆ ಬರೀ ಸಣ್ಣ ತೊಟ್ಟಿದ್ರೆ ಅದು ಗಂಡು, ಹೂವಿನ ಬುಡದಲ್ಲೇ ಪುಟಾಣಿ ಪೀಚು ಕಂಡ್ರೆ ಅದು ಹೆಣ್ಣು. ಮೊದಮೊದಲು ಬರೋದೆಲ್ಲ ಸಾಮಾನ್ಯವಾಗಿ ಗಂಡು ಹೂವೇ, ಸೆಖೆ ಜಾಸ್ತಿ ಆದಷ್ಟೂ ಗಂಡು ಹೂವೂ ಜಾಸ್ತಿ. ಹೆಣ್ಣು ಹೂ ಬಂದೂ ಪೀಚು ಹಳದಿ ತಿರುಗಿ ಉದುರ್ತಿದ್ರೆ ಜೇನ್ನೊಣ ಬರ್ತಿಲ್ಲ ಅಂತ ಅರ್ಥ ಮಾಡ್ಕೊಂಡು ನೀವೇ ಗಂಡು ಹೂ ಕಿತ್ತು ದಳ ಬಿಡಿಸಿ ಹೆಣ್ಣು ಹೂವಿಗೆ ಸವರ್ಬೇಕು. ಇಲ್ಲೂ ಹೊತ್ತು ನೋಡ್ಕೊಳ್ಳಿ, ಕುಂಬಳದ ಹಳದಿ ಹೂ ಬೆಳಗಿನ ಜಾವ ಅರಳಿ ಬಿಸಿಲೇರೋ ಹೊತ್ತಿಗೆ ಮುದುಡುತ್ತೆ, ಸೋರೆಯ ಬಿಳಿ ಹೂ ಸಂಜೆ ಅರಳುತ್ತೆ, ಹೀರೇನೂ ಸಂಜೇದೇ. ಬೆಳಿಗ್ಗೆ ಹತ್ತು ಗಂಟೆಗೆ ಸೋರೆ ಚಪ್ಪರದ ಕೆಳಗೆ ಬ್ರಶ್ ಹಿಡ್ಕೊಂಡು ನಿಂತ್ರೆ ಪ್ರಯೋಜನ ಇಲ್ಲ.

ಮಳೆಗಾಲದಲ್ಲಿ ಗಿಡ ಸಾಯೋದು ನೀರಿಂದ ಅನ್ನೋದಕ್ಕಿಂತ ಬೇರಿಗೆ ಗಾಳಿ ಸಿಗದೆ ಅನ್ನಿ. ಮಣ್ಣಿನ ಸಂದೀಲಿ ಪೂರ್ತಿ ನೀರು ತುಂಬಿದ್ರೆ ಬೇರು ಉಸಿರಾಡೋಕಾಗಲ್ಲ, ಅದಕ್ಕೇ ಗಿಡ ನೀರಲ್ಲೇ ನಿಂತಿದ್ರೂ ಬಾಡಿರುತ್ತೆ, ಅದನ್ನ ನೋಡಿ ಇನ್ನಷ್ಟು ನೀರು ಹಾಕೋರೂ ಇದಾರೆ. ಒಂದು ಗೇಣು ಎತ್ತರಕ್ಕೆ ಏರುಮಡಿ ಮಾಡಿ, ಪಾಟ್ ಆದ್ರೆ ಕೆಳಗಿನ ತಟ್ಟೆ ತೆಗೆದುಬಿಡಿ, ಸಸಿ ಒತ್ತೊತ್ತಾಗಿ ಬೆಳೆಸ್ಬೇಡಿ. ಮಣ್ಣಿನ ಮೇಲೆ ಒಣಗಿದೆಲೆ ಹೊದಿಕೆ ಹಾಕಿದ್ರೆ ಮಳೆಹನಿ ಬಿದ್ದು ಕೆಸರು ಎಲೆಗೆ ಸಿಡಿಯೋದು ತಪ್ಪುತ್ತೆ, ಎಷ್ಟೋ ಎಲೆಚುಕ್ಕೆ ರೋಗಗಳು ಆ ಕೆಸರಿನ ಜೊತೆನೇ ಮೇಲೆ ಹತ್ತೋದು.

ಖಾಲಿ ಬಿಡೋ ಮಡಿ ಇದ್ರೆ ಅದಕ್ಕೆ ಅಲಸಂದೇನೋ ಸೆಣಬೋ ಹಾಕಿ. ಒಂದು ಗಿಡ ಮೆಲ್ಲಗೆ ಬೇರು ಸಮೇತ ಎಬ್ಬಿಸಿ ಮಣ್ಣು ತೊಳೆದು ನೋಡಿ, ಬೇರಿಗೆ ಅಂಟ್ಕೊಂಡು ಸಣ್ಣ ಸಣ್ಣ ಗಂಟು ಇರುತ್ತೆ. ಒಂದು ಗಂಟನ್ನ ಉಗುರಲ್ಲಿ ಸೀಳಿ. ಒಳಗೆ ಗುಲಾಬಿ ಕೆಂಪು ಇದ್ರೆ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ನೈಟ್ರೋಜನ್ನ ಹಿಡಿದು ಗಿಡಕ್ಕೆ ಕೊಡ್ತಾ ಇದೆ ಅಂತ, ಆ ಕೆಂಪು ನಮ್ಮ ರಕ್ತದ ಹಿಮೋಗ್ಲೋಬಿನ್ ಜಾತಿಯದೇ ಒಂದು ಪದಾರ್ಥದ್ದು. ಬಿಳಿಯೋ ಹಸಿರೋ ಇದ್ರೆ ಇನ್ನೂ ಕೆಲಸ ಶುರುವಾಗಿಲ್ಲ ಇಲ್ಲಾ ಮುಗಿದಿದೆ. ಹೂ ಬರೋ ಹೊತ್ತಿಗೆ ಕಡಿದು ಮಣ್ಣಿಗೇ ಸೇರಿಸಿದ್ರೆ ಮುಂದಿನ ಬೆಳೆಗೆ ಅದೇ ಗೊಬ್ಬರ. ಗಂಟು ಬೇರಿನ ಪಕ್ಕಕ್ಕೆ ಅಂಟಿರ್ದೆ ಬೇರೇ ಊದ್ಕೊಂಡಿದ್ರೆ ಮಾತ್ರ ಅದು ಬೇರುಗಂಟು ಜಂತುಹುಳದ (ನೆಮಟೋಡ್ ಅಂತಾರಲ್ಲ, ಮಣ್ಣಲ್ಲಿರೋ ಕಣ್ಣಿಗೆ ಕಾಣದಷ್ಟು ಸಣ್ಣ ಹುಳ) ಕಾಟ, ಎರಡನ್ನೂ ಒಂದೇ ಅನ್ಕೋಬೇಡಿ.

ತಂಪು ಕಾಲ ಕೈತೋಟದವರ ಹಬ್ಬ. ಬಟಾಣಿ, ಕ್ಯಾರೆಟ್, ಬೀಟ್‌ರೂಟ್, ಕೋಸುಗಳು, ಎಲ್ಲ ಸೊಪ್ಪೂ ಆಗ ಬರ್ತಾವೆ, ಆ ಪಟ್ಟಿ ನಿಮಗೆಲ್ಲ ಗೊತ್ತಿರೋದೇ. ಎರಡು ಮಾತು ಸಾಕು. ಕ್ಯಾರೆಟ್ಟನ್ನ ಟ್ರೇಲಿ ಸಸಿ ಮಾಡಿ ಕಿತ್ತು ನೆಡ್ಬೇಡಿ, ತಾಯಿಬೇರಿಗೆ ಪೆಟ್ಟಾದ್ರೆ ಕವಲೊಡೆಯುತ್ತೆ, ನೇರ ಮಡೀಲೇ ಬಿತ್ತಿ. ಬೆಳ್ಳುಳ್ಳಿ ಎಸಳಿಗೆ ಕೆಲವು ವಾರ ಚಳಿ ತಾಗ್ದೆ ಇದ್ರೆ ಎಸಳು ಒಡೆಯದ ಒಂಟಿ ಗೆಡ್ಡೆ ಆಗೋದುಂಟು. ಬಹಳ ಉತ್ತರಕ್ಕೋ ದಕ್ಷಿಣಕ್ಕೋ ಇರೋರು ಮಾತ್ರ ಇನ್ನೊಂದು ನೋಡ್ಕೋಬೇಕು, ಹಗಲು 10 ಗಂಟೆಗಿಂತ ಕಡಿಮೆ ಆದ್ಮೇಲೆ ಗಿಡದ ಬೆಳವಣಿಗೆ ಹೆಚ್ಚುಕಮ್ಮಿ ನಿಂತೇಹೋಗುತ್ತೆ, ಅಷ್ಟರೊಳಗೆ ಗಿಡ ಮುಕ್ಕಾಲು ಬೆಳೆದಿರೋ ಹಾಗೆ ಹಿಂದಿನಿಂದ ದಿನ ಎಣಿಸಿ ಬಿತ್ಬೇಕು.

ಮತ್ತೆ ದಯವಿಟ್ಟು ಪ್ಯಾಕೆಟ್ ಪೂರ್ತಿ ಒಂದೇ ದಿನ ಸುರೀಬೇಡಿ. ಕೊತ್ತಂಬರೀನೋ ಮೂಲಂಗೀನೋ ಎರಡು ವಾರಕ್ಕೊಂದು ಸಾಲು ಹಾಕ್ತಾ ಹೋದ್ರೆ ಒಂದು ಮುಗಿಯೋ ಹೊತ್ತಿಗೆ ಇನ್ನೊಂದು ಸಿಗುತ್ತೆ. ಒಂದು ಸಾಲು ಹವೆಗೆ ಹೊಂದ್ಲಿಲ್ಲ ಅಂದ್ರೂ ಮುಂದಿನದು ಹೊಂದುತ್ತೆ, ಮತ್ತೆ ಯಾವ ವಾರ ಹಾಕಿದ್ದು ಚೆನ್ನಾಗಿ ಬಂತು ಅಂತ ಬರ್ದಿಟ್ಕೊಂಡ್ರೆ ನಿಮ್ಮ ಜಾಗಕ್ಕೆ ಸರಿಹೊಂದೋ ಬಿತ್ತನೆ ಪಟ್ಟಿ ನಿಮ್ಮ ಕೈಲೇ ತಯಾರಾಗುತ್ತೆ.

ಪ್ರಶ್ನೆ ಕೇಳಿದೋರಲ್ಲಿ ಒಬ್ರು ಬಾಲ್ಕನಿಗೆ ಮೂರೂವರೆ ಗಂಟೆ ಬಿಸಿಲು ಬರುತ್ತೆ, ಬದನೆ ಹಾಕ್ಲಾ ಅಂದ್ರು. ಬೇಡ ಅಮ್ಮಾ, ಕಾಯಿ ಕೊಡೋ ಗಿಡಕ್ಕೆ ಆರು ಗಂಟೆಯಾದ್ರೂ ನೇರ ಬಿಸಿಲು ಬೇಕು, ಅಷ್ಟು ಬಿಸಿಲಿಗೆ ಪುದೀನ, ಪಾಲಕ್, ಮೆಂತ್ಯ ಚೆನ್ನಾಗಿ ಬರ್ತಾವೆ, ಅವನ್ನ ಹಾಕಿ ನೋಡಿ ಅಂದೆ. ಚೆಂಡುಹೂ ಹಾಕಿದ್ರೆ ಜಂತುಹುಳ ಹೋಗುತ್ತಂತೆ ನಿಜಾನಾ ಅಂತ ಇನ್ನೊಬ್ರು ಕೇಳಿದ್ರು. ನಿಜ, ಆದ್ರೆ ಟೊಮ್ಯಾಟೊ ಪಕ್ಕ ಎರಡು ಗಿಡ ನೆಟ್ರೆ ಆಗಲ್ಲ, ಆ ಮಡೀಲಿ ಬೇರೇನೂ ಹಾಕ್ದೆ ಎರಡು ಮೂರು ತಿಂಗಳು ಒತ್ತಾಗಿ ಚೆಂಡುಹೂವನ್ನೇ ಬೆಳೆಸಿದ್ರೆ ಗುಣ ಕಾಣುತ್ತೆ.

ಕೊನೆಗೆ ಬಂದಿದ್ದು ಉಳಿದ ಬೀಜ ಇಡೋದು ಹೇಗೆ ಅನ್ನೋ ಪ್ರಶ್ನೆ. ಆಗ್ಲೇ ಹೇಳಿದ್ನಲ್ಲ ಹ್ಯಾರಿಂಗ್ಟನ್, ಅವರದ್ದೇ ಒಂದು ಅಂದಾಜು ಲೆಕ್ಕ ಇದೆ, ಬೀಜದ ತೇವಾಂಶ ಒಂದು ಪರ್ಸೆಂಟ್ ಇಳಿದ್ರೆ ಬೀಜದ ಆಯಸ್ಸು ದುಪ್ಪಟ್ಟು, ಇಟ್ಟಿರೋ ಜಾಗ 5 ಡಿಗ್ರಿ ತಣ್ಣಗಾದ್ರೆ ಮತ್ತೆ ದುಪ್ಪಟ್ಟು ಅಂತ. ಹಾಗಾಗಿ ನೆರಳಲ್ಲಿ ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬೀಲಿ ಹಾಕಿ, ಯಾವ ವರ್ಷದ್ದು ಅಂತ ಚೀಟಿ ಅಂಟಿಸಿ ಫ್ರಿಜ್ಜಲ್ಲಿಡಿ. ಟೊಮ್ಯಾಟೊ, ಸೌತೆ ನಾಲ್ಕೈದು ವರ್ಷ ಬರ್ತಾವೆ, ಈರುಳ್ಳಿ ಬೀಜ ಬೇಗ ಸಾಯುತ್ತೆ, ಅದನ್ನ ಪ್ರತಿ ವರ್ಷ ಹೊಸದು ತಗೊಳ್ಳೋದೇ ಒಳ್ಳೇದು. ಡಬ್ಬೀನ ಫ್ರಿಜ್ಜಿಂದ ತೆಗೆದ ತಕ್ಷಣ ಮುಚ್ಚಳ ತೆಗೀಬೇಡಿ, ಹೊರಗಿನ ಬಿಸಿಗೆ ಬರೋ ತನಕ ಬಿಟ್ಟು ಆಮೇಲೆ ತೆಗೀರಿ, ಇಲ್ದಿದ್ರೆ ಗಾಳಿಯ ತೇವ ಎಲ್ಲಾ ತಣ್ಣಗಿರೋ ಬೀಜದ ಮೇಲೆ ಕೂತ್ಕೊಳ್ಳುತ್ತೆ.